ಸೆರೆಕಾಯಿ ಮುಚ್ಚಳದಲ್ಲಿ ಇಲ್ಲದ್ದಕ್ಕೆ ಪಟ್ಟವೇ ಹೋಯಿತೇ?

ಪ್ರಶ್ನೆ: ಹಲವು ವರ್ಷ ಚೆಸ್ ಆಡಿದವನು ನಾನು. ಒಂದು ವರ್ಷದಿಂದ ಗೋ ಹುಚ್ಚು ಹತ್ತಿದೆ: ಕಪ್ಪು-ಬಿಳಿ ಕಾಯಿಗಳನ್ನು ಮಣೆಯ ಮೇಲಿಟ್ಟು ಜಾಗ ಸುತ್ತುವರಿಯುವ, ಸುತ್ತುವರಿದ ಎದುರಾಳಿಯ ಕಾಯಿಗಳನ್ನು ಸೆರೆ ಹಿಡಿಯುವ ಆಟ. 2025ರ ಎಲ್‌ಜಿ ಕಪ್ ಫೈನಲ್‌ನಲ್ಲಿ ಚೀನಾದ ಕೆ ಜಿಯೆ, ತಾನು ಹಿಡಿದ ಕಾಯಿಗಳನ್ನು ಬಟ್ಟಲಿನ ಮುಚ್ಚಳದಲ್ಲಿ ಇಡಲಿಲ್ಲವೆಂದು ಸೋತರಂತೆ. ನಿಜವೇ? ಕಾಯಿ ಎಲ್ಲಿಟ್ಟರೇನು, ಆಟ ನಡೆಯುವುದು ಮಣೆಯ ಮೇಲಲ್ಲವೇ? ಇನ್ನೊಂದು ಮಾತು: ನಾವು ಹನ್ನೆರಡು ಜನ ಸೇರಿ ಚಿಕ್ಕದೊಂದು ಪಂದ್ಯಾವಳಿ ನಡೆಸುವ ಯೋಚನೆಯಲ್ಲಿದ್ದೇವೆ. ಇಂಥ ರಗಳೆ ಬರದಂತೆ ಯಾವ ನಿಯಮ ಇಟ್ಟುಕೊಳ್ಳಬೇಕು?

ಉತ್ತರ: ನೀವು ಓದಿದ್ದು ಮುಕ್ಕಾಲು ಪಾಲು ಸರಿ. ಫೈನಲ್‌ನ ಎರಡನೇ ಆಟ ಹೋದದ್ದು ನೇರವಾಗಿ ಮುಚ್ಚಳದ ಕಾರಣಕ್ಕೆ. ಮೂರನೆಯದು ಹೋದದ್ದು ಮುಚ್ಚಳದಿಂದ ಶುರುವಾದ ತಕರಾರಿನಲ್ಲಿ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಎಲ್ಲಿ ಯಾರದ್ದು ತಪ್ಪು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ನಡೆದದ್ದನ್ನು ಮೊದಲು ಸಾಲಾಗಿ ಹೇಳುತ್ತೇನೆ.

ಅದು 29ನೇ ಎಲ್‌ಜಿ ಕಪ್. ಕೊರಿಯದ ಚೊಸುನ್ ಇಲ್ಬೊ ಪತ್ರಿಕೆಯ ಹೆಸರಿನೊಂದಿಗೆ ನಡೆಯುವ ಅಂತಾರಾಷ್ಟ್ರೀಯ ಪಂದ್ಯಾವಳಿ. ಗೆದ್ದವರಿಗೆ 30 ಕೋಟಿ ವೊನ್, ಫೈನಲ್‌ನಲ್ಲಿ ಸೋತವರಿಗೆ 10 ಕೋಟಿ. ಒಬ್ಬೊಬ್ಬರಿಗೆ ಮೂರು ಗಂಟೆ ಸಮಯ. ಅದು ಮುಗಿದ ಮೇಲೆ ಬ್ಯೋಯೋಮಿ, ಅಂದರೆ 40 ಸೆಕೆಂಡಿನ ಐದು ಕಂತು. 40 ಸೆಕೆಂಡಿನೊಳಗೆ ನಡೆ ಇಟ್ಟರೆ ಆ ಕಂತು ಹಾಗೇ ಉಳಿಯುತ್ತದೆ, ಮೀರಿದರೆ ಒಂದು ಕಂತು ಹೋಗುತ್ತದೆ. ಮೊದಲ ನಡೆ ಕಪ್ಪಿನದಾದ್ದರಿಂದ ಬಿಳಿಗೆ ಪರಿಹಾರವಾಗಿ ಕೊಡುವ ಅಂಕಕ್ಕೆ ಕೊಮಿ ಎನ್ನುತ್ತಾರೆ; ಇಲ್ಲಿ ಅದು ಆರೂವರೆ. ಫೈನಲ್‌ನಲ್ಲಿ ಮೂರು ಆಟ, ಎರಡು ಗೆದ್ದವರಿಗೆ ಪಟ್ಟ. ಎದುರಾಳಿ ಕೊರಿಯದ ಬ್ಯುನ್ ಸಾಂಗಿಲ್.

ಜನವರಿ 20ರ ಮೊದಲ ಆಟ ಕೆ ಜಿಯೆ ಗೆದ್ದರು. 22ರಂದು ಎರಡನೇ ಆಟದ ಮೊದಲ ಭಾಗದಲ್ಲೇ ಹಿಡಿದ ಕಾಯಿಯನ್ನು ಮುಚ್ಚಳಕ್ಕೆ ಹಾಕದೆ ಬೇರೆಡೆ ಇಟ್ಟರು. ರೆಫರಿ ಎಚ್ಚರಿಕೆ ಕೊಟ್ಟು ಎರಡು ಅಂಕ ಕಳೆದರು. ಸುಮಾರು 80 ನಡೆಗಳಾದಾಗ ಅದೇ ತಪ್ಪು ಮತ್ತೆ ನಡೆಯಿತು. ಆಗ ಜಾರಿಯಲ್ಲಿದ್ದ ನಿಯಮದಲ್ಲಿ ಎರಡು ಎಚ್ಚರಿಕೆ ಸೇರಿದರೆ ಆಟವೇ ಸೋಲು, ಹಾಗಾಗಿ ಅಲ್ಲಿಗೆ ಮುಗಿಯಿತು. 23ರ ಮೂರನೇ ಆಟದಲ್ಲಿ 150 ನಡೆ ದಾಟಿದ ಮೇಲೆ ಅವರು ಎರಡು ಸೆರೆಕಾಯಿಗಳನ್ನು ಮುಚ್ಚಳದ ಹೊರಗೆ ಇಟ್ಟು, ಆಮೇಲೆ ಎತ್ತಿ ಮುಚ್ಚಳಕ್ಕೆ ಹಾಕಿದರು. ರೆಫರಿ ಆಟ ನಿಲ್ಲಿಸಿ ಎಚ್ಚರಿಕೆ ಹೇಳಿ ಎರಡು ಅಂಕ ಕಳೆದರು. ಇದು ಆ ಆಟದ ಮೊದಲ ಎಚ್ಚರಿಕೆ. ನಿಯಮದ ಪ್ರಕಾರ ಆಟ ಮುಂದುವರಿಯಬಹುದಿತ್ತು. ಆದರೆ ಆಟವನ್ನು ತಡೆದದ್ದೇ ಸರಿಯಲ್ಲ, ತಡೆದ ಹೊತ್ತೂ ಸರಿಯಲ್ಲ ಎಂದು ಕೆ ಜಿಯೆ ಪ್ರತಿಭಟಿಸಿದರು, ಮುಂದುವರಿಸಲು ಒಪ್ಪಲಿಲ್ಲ. ಅದನ್ನು ಆಟ ಬಿಟ್ಟುಕೊಟ್ಟಂತೆ ಎಣಿಸಿ ಬ್ಯುನ್ ಅವರಿಗೆ 2-1ರಿಂದ ಪಟ್ಟ ಕೊಡಲಾಯಿತು. ಫಲಿತಾಂಶವನ್ನು ಒಪ್ಪುವುದಿಲ್ಲ ಎಂದು ಚೀನಾದ ಗೋ ಸಂಸ್ಥೆ ಹೇಳಿತು. ಫೆಬ್ರವರಿಯ ಆರಂಭದಲ್ಲಿ ಕೊರಿಯದ ಸಂಸ್ಥೆಯೇ, ಎಚ್ಚರಿಕೆಗಳು ಕೂಡಿ ಆಟ ಹೋಗುವ ಪದ್ಧತಿಯನ್ನು ಕೈಬಿಟ್ಟಿತು.

ಈಗ ನಿಮ್ಮ ನಿಜವಾದ ಪ್ರಶ್ನೆ: ಕಾಯಿ ಎಲ್ಲಿಟ್ಟರೇನು?

ಚೆಸ್‌ನಲ್ಲಿ ಹೊಡೆದ ಕಾಯಿಯನ್ನು ಜೇಬಿಗೆ ಹಾಕಿಕೊಂಡರೂ ಫಲಿತಾಂಶ ಬದಲಾಗದು. ರಾಜ ಸಿಕ್ಕಿಬಿದ್ದನೇ ಇಲ್ಲವೇ ಎಂಬುದಕ್ಕೆ ಹೊರಗೆ ಬಿದ್ದ ಕಾಲಾಳುಗಳ ಲೆಕ್ಕ ಬೇಡ. ನಮ್ಮ ಹುಲಿ-ಕುರಿ ಆಟ ಈ ವಿಷಯದಲ್ಲಿ ಗೋಗೆ ಹತ್ತಿರ: ಹುಲಿ ಎಷ್ಟು ಕುರಿ ತಿಂದಿತು ಎಂಬುದೇ ಆಟದ ಲೆಕ್ಕ, ಆದ್ದರಿಂದ ತಿಂದ ಕುರಿಗಳನ್ನು ಇಬ್ಬರಿಗೂ ಕಾಣುವಂತೆ ಪಕ್ಕದಲ್ಲಿ ಇಡುತ್ತಾರೆ. ಗೋ ಆಟದಲ್ಲಿ ಸೆರೆಕಾಯಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎನ್ನುವುದು ನೀವು ಯಾವ ದೇಶದ ಎಣಿಕೆ ಹಿಡಿದಿದ್ದೀರಿ ಎಂಬುದರ ಮೇಲಿದೆ. ಇಡೀ ಗಲಾಟೆಯ ಬೇರು ಇದೇ.

ಜಪಾನ್ ಮತ್ತು ಕೊರಿಯದಲ್ಲಿ ನಿಮ್ಮ ಅಂಕವೆಂದರೆ ನೀವು ಸುತ್ತುವರಿದ ಖಾಲಿ ಬಿಂದುಗಳು, ಜೊತೆಗೆ ನೀವು ಹಿಡಿದ ಸೆರೆಕಾಯಿಗಳು. ಮಣೆಯ ಮೇಲೆ ನಿಂತಿರುವ ನಿಮ್ಮ ಸ್ವಂತ ಕಾಯಿಗಳಿಗೆ ಬೆಲೆ ಇಲ್ಲ. ಚೀನಾದಲ್ಲಿ ಇದು ತಿರುಗುಮುರುಗು: ಸುತ್ತುವರಿದ ಖಾಲಿ ಬಿಂದುಗಳು, ಜೊತೆಗೆ ಮಣೆಯ ಮೇಲೆ ಜೀವಂತ ಉಳಿದ ನಿಮ್ಮ ಕಾಯಿಗಳು. ಸೆರೆಕಾಯಿಗೆ ಬೆಲೆ ಇಲ್ಲ. ಆಟದ ಕೊನೆಗೆ ಯಾರೂ ಅದನ್ನು ನೋಡುವುದೂ ಇಲ್ಲ. ಎದುರಾಳಿಯ ಬಟ್ಟಲಿಗೆ ವಾಪಸ್ ಹಾಕಿದರೂ ನಡೆಯುತ್ತದೆ, ಮೇಜಿನ ಮೇಲೆ ಬಿಟ್ಟರೂ ನಡೆಯುತ್ತದೆ. ಆ ಎಣಿಕೆಯಲ್ಲೇ ಬೆಳೆದವರ ಕೈಗೆ ಮುಚ್ಚಳದ ಅಭ್ಯಾಸ ಇರದಿದ್ದರೆ ಅಚ್ಚರಿ ಏನಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ, ಆಗ ಮುಚ್ಚಳದ ತೂಕ ಗೊತ್ತಾಗುತ್ತದೆ. 19×19ರ ಮಣೆ, ಒಟ್ಟು 361 ಬಿಂದು. ಆಟ ಮುಗಿದಿದೆ, ಯಾರಿಗೂ ಸೇರದ ಬಿಂದುಗಳೆಲ್ಲ ತುಂಬಿವೆ, ಸತ್ತ ಕಾಯಿಗಳನ್ನು, ಅಂದರೆ ಸೆರೆಯಿಂದ ಪಾರಾಗಲಾರದವನ್ನು, ತೆಗೆದಿದ್ದಾರೆ. ಕಪ್ಪಿನ ಜಾಗ 62, ಬಿಳಿಯ ಜಾಗ 57. ಕಪ್ಪು ಆಟಗಾರ ಹಿಡಿದ ಬಿಳಿ ಕಾಯಿ 9, ಬಿಳಿ ಆಟಗಾರ ಹಿಡಿದ ಕಪ್ಪು ಕಾಯಿ 12. ಕೊರಿಯದ ಎಣಿಕೆಯಲ್ಲಿ ಕಪ್ಪಿಗೆ 62 ಮತ್ತು 9 ಸೇರಿ 71. ಬಿಳಿಗೆ 57 ಮತ್ತು 12 ಸೇರಿ 69, ಮೇಲೆ ಆರೂವರೆ ಕೊಮಿ, ಒಟ್ಟು ಎಪ್ಪತ್ತೈದೂವರೆ. ಬಿಳಿ ನಾಲ್ಕೂವರೆ ಅಂಕದಿಂದ ಗೆದ್ದಿತು.

ಇದೇ ಆಟ ಇನ್ನೂ ನಡೆಯುತ್ತಿದೆ ಅಂದುಕೊಳ್ಳಿ. ಬಿಳಿಯ ಮುಚ್ಚಳದಲ್ಲಿ 12ರ ಬದಲು 8 ಮಾತ್ರ ಕಾಣುತ್ತಿವೆ, ಉಳಿದ ನಾಲ್ಕು ಅಂಗೈಯಲ್ಲೋ ಮೇಜಿನ ಅಂಚಿನಲ್ಲೋ ಇವೆ. ಕಪ್ಪು ಎಣಿಸಿ ನೋಡಿದರೆ 71ಕ್ಕೆ ಎದುರಾಗಿ ಎಪ್ಪತ್ತೊಂದೂವರೆ. ಅಂದರೆ ಅರ್ಧ ಅಂಕದ ಆಟ, ಎಲ್ಲೋ ಒಂದು ಅಂಕ ಸಿಕ್ಕಿದರೆ ಸಾಕು. ಹಾಗೆ ನಂಬಿದವನು ಮೆಲ್ಲಗೆ, ಅಪಾಯವಿಲ್ಲದ ನಡೆಗಳನ್ನು ಇಡುತ್ತಾನೆ. ನಾಲ್ಕೂವರೆ ಹಿಂದಿದ್ದೇನೆ ಎಂದು ತಿಳಿದಿದ್ದರೆ ಎದುರಾಳಿಯ ಜಾಗಕ್ಕೆ ನುಗ್ಗಿ ದೊಡ್ಡ ಜೂಜು ಆಡುತ್ತಿದ್ದ. 40 ಸೆಕೆಂಡಿನ ಕಂತಿನಲ್ಲಿ ವೃತ್ತಿಪರರು ಮಣೆಯನ್ನೂ ಎದುರಿನ ಮುಚ್ಚಳವನ್ನೂ ಒಂದೇ ನೋಟದಲ್ಲಿ ಎಣಿಸುತ್ತಾರೆ. ಮುಚ್ಚಳವೆಂದರೆ ಎದುರಾಳಿಗೆ ತೆರೆದಿಟ್ಟ ಖಾತೆ ಪುಸ್ತಕ. ಅದನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ. ಈ ಮಟ್ಟಿಗೆ ಕೊರಿಯದ ನಿಯಮದ ಉದ್ದೇಶದಲ್ಲಿ ತಪ್ಪು ಕಾಣುವುದಿಲ್ಲ.

ಈಗ ಇದೇ ಆಟವನ್ನು ಚೀನಾದ ರೀತಿಯಲ್ಲಿ ಎಣಿಸಿ. ಖಾಲಿ ಬಿಂದು 62 ಮತ್ತು 57 ಸೇರಿ 119. ಮಣೆಯ ಮೇಲಿನ ಕಾಯಿ 361ರಲ್ಲಿ 119 ಕಳೆದರೆ 242. ಸೆರೆಯಾದ 21 ಸೇರಿಸಿದರೆ ಇಬ್ಬರೂ ಸೇರಿ ಇಟ್ಟ ನಡೆಗಳು 263. ಬೆಸ ಸಂಖ್ಯೆ, ಅಂದರೆ ಕೊನೆಯ ನಡೆ ಕಪ್ಪಿನದು. ಕಪ್ಪು ಇಟ್ಟದ್ದು 132, ಬಿಳಿ ಇಟ್ಟದ್ದು 131. ಸೆರೆಯಾದವನ್ನು ಕಳೆದರೆ ಮಣೆಯ ಮೇಲೆ ಕಪ್ಪು 120, ಬಿಳಿ 122. ಜಾಗ ಸೇರಿಸಿ: ಕಪ್ಪಿಗೆ 182, ಬಿಳಿಗೆ 179. ಚೀನಾದ ಕೊಮಿ ಏಳೂವರೆ. ಮೂರು ಮುಂದಿದ್ದ ಕಪ್ಪು ಏಳೂವರೆ ತೆತ್ತು ನಾಲ್ಕೂವರೆಯಿಂದಲೇ ಸೋಲುತ್ತದೆ.

ಎರಡೂ ಕಡೆ ಒಂದೇ ಉತ್ತರ ಬಂದದ್ದು ಮಾಯೆಯಲ್ಲ. ಇಟ್ಟ ಪ್ರತಿ ಕಾಯಿಯೂ ಒಂದೋ ಮಣೆಯ ಮೇಲಿದೆ, ಇಲ್ಲವೇ ಎದುರಾಳಿಯ ಸೆರೆಯಲ್ಲಿದೆ. ಒಬ್ಬರು ಜಮಾ ಬದಿಯಿಂದ ಲೆಕ್ಕ ನೋಡುತ್ತಾರೆ, ಇನ್ನೊಬ್ಬರು ಖರ್ಚಿನ ಬದಿಯಿಂದ. ಕೊನೆಯ ನಡೆ ಯಾರದು ಎಂಬುದರ ಮೇಲೆ ಒಂದು ಅಂಕದ ವ್ಯತ್ಯಾಸ ಬರಬಹುದು, ಅಷ್ಟೆ. ಅಂದ ಹಾಗೆ, ಚೀನಾದಲ್ಲಿ ಕೊಮಿ ಆರೂವರೆ ಇಡದಿರುವುದಕ್ಕೂ ಇಲ್ಲೇ ಕಾರಣವಿದೆ. 361 ಬೆಸ ಸಂಖ್ಯೆಯಾದ್ದರಿಂದ ಆ ಎಣಿಕೆಯಲ್ಲಿ ಇಬ್ಬರ ಅಂತರ ಸಾಮಾನ್ಯವಾಗಿ 5, 7, 9 ಹೀಗೆ ಬೆಸವಾಗಿಯೇ ಬರುತ್ತದೆ. ಐದೂವರೆ ಇಟ್ಟರೂ ಆರೂವರೆ ಇಟ್ಟರೂ ಗೆಲ್ಲುವವರು ಬದಲಾಗುವುದಿಲ್ಲ, ಏಳೂವರೆಗೆ ಹೋದರೆ ಮಾತ್ರ ಬದಲಾಗುತ್ತದೆ. ಗೆರೆ ಅಷ್ಟು ತೆಳು. 2017ರ ಮೇ ತಿಂಗಳಲ್ಲಿ ವುಜೆನ್‌ನಲ್ಲಿ ಗೋ ಆಡುವ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಗೋ ಎದುರು ಇದೇ ಕೆ ಜಿಯೆ ಮೊದಲ ಆಟ ಸೋತದ್ದು ಅರ್ಧ ಅಂಕದಲ್ಲಿ.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ, ಅದನ್ನು ಬಿಡಿಸಿ ಹೇಳಬೇಕು. ಕಪ್ಪು ಇಟ್ಟದ್ದು 132, ಮಣೆಯ ಮೇಲೆ ಉಳಿದದ್ದು 120. ಹಾಗಾದರೆ ಸೆರೆಯಾದದ್ದು 12. ಇದನ್ನು ತಿಳಿಯಲು ಮುಚ್ಚಳ ಬೇಕಾಗಲೇ ಇಲ್ಲ, ನಡೆಗಳ ದಾಖಲೆ ಇದ್ದರೆ ಸಾಕು. ಮನೆಯ ಜಗಲಿಯ ಮೇಲೆ ಇಬ್ಬರು ಆಡುವಾಗ ದಾಖಲೆ ಇರುವುದಿಲ್ಲ, ಸೆರೆಕಾಯಿ ಕಳೆದರೆ ಲೆಕ್ಕವೂ ಕಳೆದಂತೆ. ಆದರೆ ಅಂತಾರಾಷ್ಟ್ರೀಯ ಫೈನಲ್‌ನಲ್ಲಿ ಪ್ರತಿ ನಡೆಯೂ ದಾಖಲಾಗುತ್ತದೆ, ಕ್ಯಾಮೆರಾ ಇರುತ್ತದೆ. ಅಲ್ಲಿ ಸೆರೆಯ ಸಂಖ್ಯೆ ಯಾವ ಕ್ಷಣದಲ್ಲೂ ಕಳೆದುಹೋಗುವುದಿಲ್ಲ. ಎದುರಾಳಿಗೆ ಆಗುವ ತೊಂದರೆ ಒಂದೇ: ಕೆಲಹೊತ್ತು ತಪ್ಪು ಲೆಕ್ಕ ನೋಡಬೇಕಾದೀತು. ತೊಂದರೆ ನಿಜ. ಆದರೆ ಅದಕ್ಕೆ ತಕ್ಕ ಮದ್ದು 'ದಯವಿಟ್ಟು ಮುಚ್ಚಳಕ್ಕೆ ಹಾಕಿ' ಎಂಬ ಒಂದು ಮಾತು, ಹೆಚ್ಚೆಂದರೆ ಗಡಿಯಾರದಿಂದ ಕಳೆಯುವ ಕೆಲವು ನಿಮಿಷ.

ಎರಡು ಅಂಕ ಎಂದರೆ ಎಷ್ಟು ದೊಡ್ಡದು ಗೊತ್ತೇ? ಕೊಮಿಯನ್ನು ಐದೂವರೆಯಿಂದ ಆರೂವರೆಗೆ, ಅಂದರೆ ಒಂದೇ ಒಂದು ಅಂಕ ಏರಿಸಲು ಜಪಾನಿನ ಗೋ ಸಂಸ್ಥೆ ನಿಹೋನ್ ಕಿಇನ್ ಹಿಂದಿನ ಆಟಗಳ ಫಲಿತಾಂಶ ನೋಡಿ 2002ರಲ್ಲಿ ತೀರ್ಮಾನಿಸಿತು. ಒಂದು ಅಂಕ ಆಟದ ಸಮತೂಕವನ್ನೇ ಬದಲಿಸುತ್ತದೆ ಎಂದು ಅಷ್ಟು ಅಳೆದು ತೂಗಿದ ಆಟದಲ್ಲಿ, ಕೈ ಅರ್ಧ ಅಡಿ ಆಚೆ ಹೋದದ್ದಕ್ಕೆ ಎರಡು ಅಂಕ ಕಳೆದರು. ಕೊಮಿಯ ಮೂರನೇ ಒಂದು ಭಾಗಕ್ಕೆ ಹತ್ತಿರ. ಆ ಮಟ್ಟದ ಆಟಗಾರರ ನಡುವೆ ಆಟದ ಆರಂಭದಲ್ಲೇ ಎರಡು ಅಂಕ ಹೋದರೆ ಬೆಟ್ಟದಷ್ಟು ಹಿನ್ನಡೆ. ಅದರ ಮೇಲೆ ಎರಡನೇ ಸಲಕ್ಕೆ ಆಟವೇ ಹೋಗುತ್ತದೆ. ನಿಯಮ ಸರಿ, ದಂಡದ ಅಳತೆ ತಪ್ಪು ಎನ್ನುವುದು ನನ್ನ ತೀರ್ಮಾನ.

ಮೂರನೇ ಆಟದ ವಿಷಯ ಸ್ವಲ್ಪ ಬೇರೆ. ಹಿಂದಿನ ದಿನ ಆಟ ಕಳೆದುಕೊಂಡ ಕಾರಣವೇ ಮರುದಿನವೂ ಬಂತೆಂದರೆ ಆಟಗಾರನ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ಆದರೆ ರೆಫರಿ ಎದ್ದು ಆಟ ನಿಲ್ಲಿಸುವ ಹೊತ್ತು ಬಹಳ ಮುಖ್ಯ. ಇಬ್ಬರೂ ತಲೆಯೊಳಗೆ ಇಪ್ಪತ್ತು ಮೂವತ್ತು ನಡೆ ಮುಂದೆ ಹೋಗಿರುತ್ತಾರೆ. ಗಡಿಯಾರ ನಿಂತಾಗಲೂ ಮಣೆ ಕಣ್ಣೆದುರಿಗೇ ಇರುತ್ತದೆ. ಯಾರ ಸರದಿಯೋ ಅವರಿಗೆ ಪುಕ್ಕಟೆ ಯೋಚನೆಯ ಸಮಯ ಸಿಗುತ್ತದೆ. ಚೀನಾದ ಕಡೆಯವರ ಮುಖ್ಯ ಆಕ್ಷೇಪ ಇದರ ಸುತ್ತಲೇ ಇತ್ತು. ಕಾಯಿ ಆಗಲೇ ಮುಚ್ಚಳ ಸೇರಿದ್ದರೆ ಕಾಯಬಹುದಾದ ತಪ್ಪಿಗೆ ಆಟ ತಡೆಯದಿರುವುದೇ ಜಾಣತನ.

ಇದು ಗೋ ಜಗತ್ತಿಗೆ ಹೊಸದೇನಲ್ಲ. ಈ ಆಟದ ನಿಯಮಗಳಲ್ಲಿ ಬಹುಪಾಲು ಶತಮಾನಗಳ ಕಾಲ ಬರಹದಲ್ಲಿ ಇರಲಿಲ್ಲ, ರೂಢಿಯಲ್ಲಿ ಇತ್ತು. ಜಪಾನಿನಲ್ಲೇ ನಿಯಮ ಬರಹಕ್ಕೆ ಇಳಿದದ್ದು 1949ರಲ್ಲಿ, ಅದನ್ನು ಮತ್ತೆ ತಿದ್ದಿದ್ದು 1989ರಲ್ಲಿ. ಒಂದೇ ರೂಢಿಯವರು ಆಡುವಷ್ಟು ದಿನ ಬಿರುಕು ಕಾಣುವುದಿಲ್ಲ. ಒತ್ತಡ ಏರಿದಾಗ, ಇಲ್ಲವೇ ಬೇರೆ ರೂಢಿಯವರು ಎದುರು ಕೂತಾಗ ಅದು ಬಾಯಿ ತೆರೆಯುತ್ತದೆ.

ಜಪಾನಿನ 1980ರ ಮೇಯಿಜಿನ್ ಪಟ್ಟದ ಪಂದ್ಯ ನೋಡಿ. ಓಟಾಕೆ ಹಿಡೆಯೋ ಎದುರು ಚೋ ಚಿಕುನ್ ಆಡುತ್ತಿದ್ದರು, ನಾಲ್ಕನೇ ಆಟ. ಕೊ ಹೋರಾಟ ನಡೆದಿತ್ತು. ಒಂದೊಂದೇ ಕಾಯಿಯನ್ನು ಇಬ್ಬರೂ ಸರದಿಯಲ್ಲಿ ಹಿಡಿಯಬಹುದಾದ ಸ್ಥಿತಿಗೆ ಕೊ ಎನ್ನುತ್ತಾರೆ. ಎದುರಾಳಿ ಹಿಡಿದ ಕೂಡಲೇ ತಿರುಗಿ ಹಿಡಿಯುವಂತಿಲ್ಲ, ಬೇರೆಲ್ಲಾದರೂ ಒಂದು ನಡೆ ಇಟ್ಟು ಬರಬೇಕು. ಬ್ಯೋಯೋಮಿಯ ಒತ್ತಡದಲ್ಲಿದ್ದ ಚೋ, ಈಗ ಕೊ ಹಿಡಿಯುವ ಸರದಿ ನನ್ನದೇ ಎಂದು ದಾಖಲೆ ಬರೆಯುವವರನ್ನು ಕೇಳಿದರು. ಹೌದೆಂಬ ಉತ್ತರ ಬಂತು. ಹಿಡಿದರು. ಸರದಿ ಅವರದಾಗಿರಲಿಲ್ಲ. ಜಪಾನಿನಲ್ಲಿ ಈ ತಪ್ಪಿಗೆ ಆಟವೇ ಸೋಲು. ಆದರೆ ಅಧಿಕಾರಿಯ ಮಾತು ನಂಬಿ ಮಾಡಿದ ತಪ್ಪು ಎಂದು ಆ ಆಟವನ್ನು ಫಲಿತಾಂಶವಿಲ್ಲದ್ದು ಎಂದು ಘೋಷಿಸಿದರು.

ಜಪಾನಿನದೇ ಇನ್ನೊಂದು ಪಟ್ಟವಾದ ಕಿಸೆಯಿಯ 2002ರ ಐದನೇ ಆಟ ನಿಮ್ಮ ಪಂದ್ಯಾವಳಿಗೆ ಇನ್ನೂ ಹತ್ತಿರದ ಪಾಠ. ಓ ರಿಸ್ಸೆಯಿ ಮತ್ತು ರ್ಯು ಶಿಕುನ್ ಆಡುತ್ತಿದ್ದರು. ಬೆಲೆಯುಳ್ಳ ನಡೆಗಳೆಲ್ಲ ಮುಗಿದಿದ್ದವು, ಯಾರಿಗೂ ಸೇರದ ಬಿಂದುಗಳು ಮಾತ್ರ ಉಳಿದಿದ್ದವು. ಇವಕ್ಕೆ ದಮೆ ಎನ್ನುತ್ತಾರೆ. ಜಪಾನಿನ ಎಣಿಕೆಯಲ್ಲಿ ದಮೆಗೆ ಬೆಲೆ ಇಲ್ಲದ್ದರಿಂದ, ಆಟ ಮುಗಿಯಿತೆಂದು ಒಪ್ಪಿಕೊಂಡ ಮೇಲೆ ಸರದಿ ನೋಡದೆ ತುಂಬುವ ರೂಢಿ. ಆಟ ಮುಗಿದಿದೆ ಎಂದು ರ್ಯು ಅಂದುಕೊಂಡಿದ್ದರು. ದಮೆ ತುಂಬುತ್ತಾ ಹೋದಾಗ ಅವರ ಕೆಲವು ಕಾಯಿಗಳಿಗೆ ಒಂದೇ ಉಸಿರು, ಅಂದರೆ ಪಕ್ಕದಲ್ಲಿ ಒಂದೇ ಖಾಲಿ ಬಿಂದು, ಉಳಿಯಿತು. ಅವರು ಅವನ್ನು ತಮ್ಮ ಬೇರೆ ಕಾಯಿಗಳಿಗೆ ಜೋಡಿಸಿ ಉಳಿಸಿಕೊಳ್ಳಲಿಲ್ಲ, ಓ ಹಿಡಿದುಬಿಟ್ಟರು. ವಿಡಿಯೊ ನೋಡಿ, ಆಟ ಮುಗಿದೆಯೆಂದು ಇಬ್ಬರೂ ಒಪ್ಪಿರಲಿಲ್ಲ, ಆದ್ದರಿಂದ ಹಿಡಿದದ್ದು ನ್ಯಾಯ ಎಂದು ತೀರ್ಪಾಯಿತು. ಆಟ ಓ ಪಾಲಾಯಿತು. ಚೀನಾದ ಎಣಿಕೆಯಲ್ಲಿ ಇಂಥದ್ದು ನಡೆಯುವುದು ಕಷ್ಟ: ಅಲ್ಲಿ ಪ್ರತಿ ದಮೆಗೂ ಒಂದು ಅಂಕ ಇರುವುದರಿಂದ ಎಲ್ಲರೂ ಸರದಿಯಲ್ಲೇ ತುಂಬುತ್ತಾರೆ.

ಹಾಗಾದರೆ ನಿಮ್ಮ ಹನ್ನೆರಡು ಜನಕ್ಕೆ ಏನು ಮಾಡಬೇಕು? ದಾಖಲೆ ಬರೆಯುವವರು ನಿಮ್ಮಲ್ಲಿ ಇರುವುದಿಲ್ಲ, ರೆಫರಿಯೂ ಆಡುವವರಲ್ಲೇ ಒಬ್ಬರಾಗಿರುತ್ತಾರೆ. ಸೆರೆಕಾಯಿ ಕಳೆದರೂ ಲೆಕ್ಕ ಕೆಡದ ಎಣಿಕೆ ಆರಿಸಿಕೊಳ್ಳಿ. ಅಂದರೆ ಚೀನಾದ ಎಣಿಕೆ, ಏಳೂವರೆ ಕೊಮಿ. ಎಣಿಸುವುದು ಒಬ್ಬರದ್ದನ್ನು ಮಾತ್ರ. ಸತ್ತ ಕಾಯಿ ತೆಗೆದ ಮೇಲೆ ಕಪ್ಪಿನ ಖಾಲಿ ಜಾಗಗಳನ್ನು ಕಾಯಿ ತೆಗೆದೋ ತುಂಬಿಯೋ ಹತ್ತರ ಗುಣಕಕ್ಕೆ ತನ್ನಿ, ಅದನ್ನು ಬರೆದುಕೊಳ್ಳಿ. ಉಳಿದ ಕಪ್ಪು ಕಾಯಿಗಳನ್ನು ಹತ್ತರ ಗುಂಪು ಮಾಡಿ ಎಣಿಸಿ, ಎರಡನ್ನೂ ಕೂಡಿ. 185 ಅಥವಾ ಹೆಚ್ಚು ಬಂದರೆ ಕಪ್ಪು ಗೆದ್ದಂತೆ, 184 ಅಥವಾ ಕಡಿಮೆ ಬಂದರೆ ಬಿಳಿ. ಮೊದಲ ಸಲ ಐದು ನಿಮಿಷ ಹಿಡಿಯುತ್ತದೆ, ನಾಲ್ಕನೇ ಸಲಕ್ಕೆ ಎರಡು ನಿಮಿಷ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಜಾಗ ಹತ್ತಕ್ಕೆ ತರುವಾಗ ಬಿಳಿ ಕಾಯಿಗಳು ಪಕ್ಕಕ್ಕೆ ಜರುಗಿ ಗಡಿ ಬದಲಾಗುತ್ತದೆ. ಒಬ್ಬರು ಎಣಿಸುವಾಗ ಇನ್ನೊಬ್ಬರು ಕೈ ಕಟ್ಟಿ ನೋಡಬೇಕು, ಸಹಾಯಕ್ಕೆ ಕೈ ಹಾಕಬಾರದು.

ನಿಮ್ಮವರು ಆನ್‌ಲೈನ್‌ನಲ್ಲಿ ಜಪಾನಿನ ಎಣಿಕೆಗೇ ಒಗ್ಗಿದ್ದರೆ ಅಮೆರಿಕದ ಗೋ ಸಂಸ್ಥೆಯ ಉಪಾಯ ಚೆನ್ನ. ಪಾಸ್ ಹೇಳುವಾಗಲೆಲ್ಲ, ಅಂದರೆ ನಡೆ ಇಡದೆ ಸರದಿ ಬಿಡುವಾಗಲೆಲ್ಲ, ನಿಮ್ಮದೊಂದು ಕಾಯಿಯನ್ನು ಎದುರಾಳಿಗೆ ಸೆರೆಯಾಗಿ ಕೊಡಬೇಕು. ಕೊನೆಯ ಪಾಸ್ ಬಿಳಿಯದೇ ಆಗಿರಬೇಕು. ಹೀಗೆ ಮಾಡಿದರೆ ಇಬ್ಬರೂ ಕೈಬಿಟ್ಟ ಕಾಯಿಗಳ ಸಂಖ್ಯೆ ಸಮವಾಗುತ್ತದೆ, ಜಪಾನಿನ ರೀತಿಯಲ್ಲಿ ಎಣಿಸಿದರೂ ಚೀನಾದ ಉತ್ತರವೇ ಬರುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ: ಕೊನೆಯ ನಡೆ ಕಪ್ಪಿನದು. ಬಿಳಿ ಪಾಸ್, ಕಪ್ಪು ಪಾಸ್, ಮತ್ತೆ ಬಿಳಿ ಪಾಸ್. ಕಪ್ಪಿಗೆ ಎರಡು ಸೆರೆ ಹೆಚ್ಚು, ಬಿಳಿಗೆ ಒಂದು. 73ಕ್ಕೆ 70, ಅಂತರ ಮೂರು. ಏಳೂವರೆ ಕಳೆದರೆ ಅದೇ ನಾಲ್ಕೂವರೆ. ಆದರೆ ಇದರಲ್ಲಿ ಸೆರೆಕಾಯಿ ಮತ್ತೆ ಲೆಕ್ಕಕ್ಕೆ ಬರುತ್ತದೆ, ಮುಚ್ಚಳ ಬೇಕೇ ಬೇಕು. ವಾದ ಬಂದರೆ ಸೆರೆ ಬಿಟ್ಟು ಮಣೆಯ ಮೇಲಿನದ್ದನ್ನು ಚೀನಾದ ರೀತಿಯಲ್ಲಿ ಎಣಿಸಿ ತಾಳೆ ನೋಡಬಹುದು, ಅದು ಇದರ ದೊಡ್ಡ ಗುಣ.

ಇಂಗ್ ಕಪ್‌ನ ನಿಯಮ ಮಾತ್ರ ನಕಲು ಮಾಡಬೇಡಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಗೆದ್ದವರಿಗೆ 4 ಲಕ್ಷ ಡಾಲರ್ ಕೊಡುವ ದೊಡ್ಡ ಪಂದ್ಯಾವಳಿ ಅದು. ಅಲ್ಲಿ ಇಬ್ಬರ ಹತ್ತಿರವೂ ಸರಿಯಾಗಿ 180 ಕಾಯಿ ಇರಬೇಕು; ಕೊನೆಗೆ ಎಲ್ಲವನ್ನೂ ತಮ್ಮ ತಮ್ಮ ಜಾಗಕ್ಕೆ ತುಂಬಿ ಉಳಿದದ್ದನ್ನು ನೋಡುತ್ತಾರೆ. ಜಾಣ ಪದ್ಧತಿ, ಆದರೆ ಒಂದು ಕಾಯಿ ಕುರ್ಚಿ ಕೆಳಗೆ ಉರುಳಿದ್ದರೂ ಫಲಿತಾಂಶ ತಪ್ಪುತ್ತದೆ. ಎಣಿಸಲೆಂದೇ ಮಾಡಿದ ಬಟ್ಟಲು ಇಲ್ಲದವರಿಗೆ ಅದು ತಲೆನೋವು.

ಹನ್ನೆರಡು ಜನಕ್ಕೆ ಸ್ವಿಸ್ ಪದ್ಧತಿಯ, ಅಂದರೆ ಪ್ರತಿ ಸುತ್ತಿನಲ್ಲಿ ಸಮಾನ ಅಂಕದವರನ್ನು ಎದುರು ಕೂರಿಸುವ, ನಾಲ್ಕು ಸುತ್ತು ಸಾಕು, ದಿನಕ್ಕೆ ಎರಡರಂತೆ ಎರಡು ದಿನ. ಆರು ಮಣೆ, ಆರು ಗಡಿಯಾರ. ಒಂದೊಂದು ಜೊತೆಯಲ್ಲಿ ಕಪ್ಪು 181, ಬಿಳಿ 180 ಇರುತ್ತವೆ. ಕೆಲವು ಕಳೆದಿದ್ದರೂ ಚಿಂತೆಯಿಲ್ಲ, 170 ಇದ್ದರೆ ಬಹುತೇಕ ಆಟ ಮುಗಿಯುತ್ತದೆ. ದೊಡ್ಡ ಕೊ ಹೋರಾಟದಲ್ಲಿ ಬಟ್ಟಲು ಖಾಲಿಯಾದರೆ ಇಬ್ಬರೂ ಅಷ್ಟಕ್ಕಷ್ಟೇ ಸೆರೆಗಳನ್ನು, ಹತ್ತಕ್ಕೆ ಹತ್ತು, ಎಣಿಸಿ ಅದಲುಬದಲು ಮಾಡಿಕೊಳ್ಳಿ. ಯಾವ ಎಣಿಕೆಯಲ್ಲೂ ಲೆಕ್ಕ ಕೆಡುವುದಿಲ್ಲ. ಸಮಯ ತಲೆಗೆ 45 ನಿಮಿಷ, ಆಮೇಲೆ 30 ಸೆಕೆಂಡಿನ ಮೂರು ಕಂತು. ಸುಮಾರು 250 ನಡೆಯ ಆಟಕ್ಕೆ ಸುತ್ತಿಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಎರಡು ಗಂಟೆ ಎಂದು ಬರೆದರೆ ಊಟದ ಹೊತ್ತಿಗೆ ಒಬ್ಬರಾದರೂ ಇನ್ನೂ ಆಡುತ್ತಿರುತ್ತಾರೆ.

ಕೈಯ ಕ್ರಮವನ್ನು ಮೊದಲ ಸುತ್ತಿಗೆ ಮುಂಚೆಯೇ ತೋರಿಸಿಕೊಡಿ. ಕಾಯಿ ಇಡುವುದು, ಹಿಡಿದದ್ದನ್ನು ಎತ್ತುವುದು, ಮಗುಚಿಟ್ಟ ಮುಚ್ಚಳಕ್ಕೆ ಹಾಕುವುದು, ಆಮೇಲೆ ಗಡಿಯಾರ ಒತ್ತುವುದು, ಎಲ್ಲ ಒಂದೇ ಕೈಯಲ್ಲಿ, ಇದೇ ಅನುಕ್ರಮದಲ್ಲಿ. ಗಡಿಯಾರ ಮೊದಲು ಒತ್ತಿ ಕಾಯಿ ಆಮೇಲೆ ಎತ್ತಿದರೆ ಎದುರಾಳಿಯ ಸಮಯದಲ್ಲಿ ನೀವು ಮಣೆ ಮುಟ್ಟಿದಂತಾಗುತ್ತದೆ. ಜಗಳ ಹುಟ್ಟುವುದು ಬಹುಪಾಲು ಇಲ್ಲೇ. 30 ಸೆಕೆಂಡಿನಲ್ಲಿ ಹದಿನೈದು ಕಾಯಿ ಎತ್ತುವುದು ಆಗದ ಮಾತು. ಆದ್ದರಿಂದ ಸೆರೆ ಮೂರಕ್ಕಿಂತ ಹೆಚ್ಚಿದ್ದರೆ ನಡೆ ಇಟ್ಟ ಕೂಡಲೇ ಗಡಿಯಾರ ನಿಲ್ಲಿಸಿ ಎತ್ತಬಹುದು ಎಂದು ನಿಮ್ಮ ನಿಯಮದಲ್ಲೇ ಬರೆಯಿರಿ. ಮುಚ್ಚಳ ಎದುರಾಳಿಗೆ ಕಾಣುವ ಬದಿಯಲ್ಲಿ ಇರಲಿ, ಗಡಿಯಾರದ ಹಿಂದೆ ಬೇಡ. ಯೋಚಿಸುವಾಗ ಸ್ವಂತ ಕಾಯಿ ತೆಗೆದು ಮುಚ್ಚಳದಲ್ಲಿ ಆಡಿಸುವ ಚಟ ಹಲವರಿಗಿದೆ, ಅದನ್ನು ನಗುನಗುತ್ತಲೇ ಬಿಡಿಸಿ.

ಇನ್ನು ದಂಡ. ಚೀನಾದ ಎಣಿಕೆ ಇಟ್ಟುಕೊಂಡರೆ ಮುಚ್ಚಳದ ತಪ್ಪಿಗೆ ದಂಡವೇ ಬೇಡ, ಮಾತಿನಲ್ಲಿ ನೆನಪಿಸಿದರೆ ಸಾಕು. ಪಾಸ್ ಕಾಯಿಯ ಪದ್ಧತಿಯಾದರೆ ಮೊದಲ ಸಲ ಮಾತು, ಆಮೇಲೆ ಗಡಿಯಾರದಿಂದ ಎರಡು ನಿಮಿಷ. ಅಂಕ ಕಳೆಯುವುದನ್ನು ಬರೆಯಲೇಬೇಡಿ. ಆಟವೇ ಸೋಲು ಎಂಬ ದಂಡ ಒಂದೇ ಸರದಿಯಲ್ಲಿ ಎರಡು ನಡೆ ಇಟ್ಟರೆ, ಮಣೆಗೆ ಮುಟ್ಟಿಸಿ ಬಿಟ್ಟ ಕಾಯಿಯನ್ನು ಜರುಗಿಸಿದರೆ, ಕೊ ನಿಯಮ ಮುರಿದರೆ ಮಾತ್ರ ಇರಲಿ. ಹೊಸಬರು ಹೆಚ್ಚಿದ್ದರೆ ಕೊ ತಪ್ಪಿಗೂ ಮೊದಲ ಸಲ ನಡೆ ಹಿಂತೆಗೆಸಿ ಬಿಟ್ಟುಬಿಡಿ. ಮೂರು ಕೊ ಒಟ್ಟಿಗೆ ಬಂದು ಆಟ ಸುತ್ತುತ್ತಲೇ ಇದ್ದರೆ ಫಲಿತಾಂಶವಿಲ್ಲ ಎಂದು ಇಬ್ಬರಿಗೂ ಅರ್ಧ ಅಂಕ ಕೊಡಿ. ಅಪರೂಪ, ಆದರೆ ಬಾರದೆನ್ನುವಂತಿಲ್ಲ: 2012ರ ಸ್ಯಾಮ್‌ಸಂಗ್ ಕಪ್‌ನಲ್ಲಿ ಗು ಲಿ ಮತ್ತು ಲೀ ಸೆಡೋಲ್ ನಡುವೆ ನಾಲ್ಕು ಕೊ ಬಂದು ಆಟ ಫಲಿತಾಂಶವಿಲ್ಲದೆ ನಿಂತಿತ್ತು.

ರೆಫರಿ ತಾನಾಗಿ ಎದ್ದು ಆಟ ತಡೆಯುವಂತಿಲ್ಲ, ಆಟಗಾರರಲ್ಲಿ ಒಬ್ಬರು ಗಡಿಯಾರ ನಿಲ್ಲಿಸಿ ಕೈ ಎತ್ತಿ ಕರೆದರೆ ಮಾತ್ರ ಬರಬೇಕು ಎಂದೂ ಒಂದು ಸಾಲು ಸೇರಿಸಿ. ಕರೆಯುವವರು ತಮ್ಮ ಸರದಿಯಲ್ಲೇ ಕರೆಯಬೇಕು. ರೆಫರಿ ತೀರ್ಪು ಹೇಳುವ ತನಕ ಇಬ್ಬರೂ ಮಣೆಯಿಂದ ಎದ್ದು ದೂರ ನಿಲ್ಲಲಿ, ಆಗ ನಿಂತ ಗಡಿಯಾರದಲ್ಲಿ ಯಾರಿಗೂ ಪುಕ್ಕಟೆ ಯೋಚನೆ ಸಿಗುವುದಿಲ್ಲ. ತೀರ್ಪನ್ನು ಒಪ್ಪದವರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟು ಆಟ ಮುಂದುವರಿಸಲಿ. ದೂರನ್ನು ಸುತ್ತು ಮುಗಿದ ಮೇಲೆ ನೋಡಿದರಾಯಿತು.